ಕಳ್ಳಿಯ ಪೂರ್ವೋತ್ತರ

ದಾವಣಗೆರೆಯ ಬೀದಿಗಳಲ್ಲಿ ಹೂವಿನ ಗಿಡಗಳನ್ನು ಮಾರುವವರ ಕೈಗಾಡಿಗಳ ಮೇಲೆ ಈಚಿನ ವರ್ಷಗಳಲ್ಲಿ ಅಂಗೈಯಗಲದ ಕುಂಡಗಳು ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಆ ಕುಂಡಗಳಲ್ಲಿರುವುದು ಮಲ್ಲಿಗೆಯಲ್ಲ, ಸೇವಂತಿಗೆಯೂ ಅಲ್ಲ, ಕಳ್ಳಿ. ಕೆಲವು ಚೆಂಡಿನಂತೆ ದುಂಡಗಿವೆ. ಕೆಲವು ಬೆರಳಿನಂತೆ ನೆಟ್ಟಗೆ ನಿಂತಿವೆ. ಮತ್ತೆ ಕೆಲವು ದಪ್ಪ ದಪ್ಪ ಎಲೆಗಳನ್ನು ಕಮಲದ ದಳಗಳಂತೆ ಜೋಡಿಸಿಕೊಂಡು ಕುಳಿತಿವೆ. ಹಣ ಕೊಟ್ಟು ಕಳ್ಳಿಯನ್ನು ಮನೆಗೆ ತರುವುದನ್ನು ಕಂಡು ಹಳೆಯ ತಲೆಮಾರಿನ ಹೆಂಗಸರು ನಕ್ಕರೆ ಆಶ್ಚರ್ಯವಿಲ್ಲ. ಅವರ ಎಣಿಕೆಯಲ್ಲಿ ಕಳ್ಳಿಯೆಂಬುದು ಬೇಲಿಗೆ ಸೇರಿದ್ದು. ಬೇಲಿಯದು ಬೇಲಿಯಲ್ಲಿಯೇ ಇರತಕ್ಕದ್ದು.

ಈ ನಗುವಿನ ಹಿಂದೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯೊಂದು ಅಡಗಿದೆ. ಒಂದೇ ಬಗೆಯ ಗಿಡಗಳು ಈ ಸೀಮೆಯಲ್ಲಿ ಮೊದಲು ಕಾವಲಾಗಿಯೂ ಔಷಧಿಯಾಗಿಯೂ ಇದ್ದುವು. ಬಳಿಕ ಲಾಭದ ಆಸೆಯಾಗಿ, ಹೊಲಗಳ ಶತ್ರುವಾಗಿ, ಬರಗಾಲದ ಮೇವಾಗಿ, ಕೊನೆಗೆ ಜಗಲಿಯ ಅಲಂಕಾರವಾಗಿ ಬಾಳಿ ಬಂದಿವೆ. ಗಿಡದ ಸ್ವಭಾವವನ್ನು ಅರಿಯದೆ ಅದನ್ನು ಸಮುದ್ರ ದಾಟಿಸಿದವರಿಂದ ನಾಡು ತೆತ್ತ ದಂಡವೂ, ಎಲೆಯೊಂದನ್ನು ಬಾಯಿಗಿಟ್ಟು ರುಚಿ ನೋಡಿದವನಿಂದ ಲೋಕಕ್ಕೆ ದೊರೆತ ತಿಳಿವಳಿಕೆಯೂ ಈ ಚರಿತ್ರೆಯಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿವೆ. ಕುಂಡದಲ್ಲಿ ಕಳ್ಳಿಯನ್ನು ಸಾಕುವ ಗೃಹಸ್ಥರಿಗೆ ಇವೆರಡೂ ತಿಳಿದಿರುವುದು ಅವಶ್ಯ. ಏಕೆಂದರೆ ಆ ದಂಡವನ್ನು ಮತ್ತೊಮ್ಮೆ ತೆರುವುದೂ ಬಿಡುವುದೂ ಈಗ ಅವರ ಕೈಯಲ್ಲಿದೆ.

೧

ಕನ್ನಡನಾಡಿನ ಮೂಲದ ಕಳ್ಳಿಗಳೆಲ್ಲ ಹಾಲಿನ ಕಳ್ಳಿಗಳು. ಏಣುಳ್ಳ ಕಾಂಡದ ಚದುರಗಳ್ಳಿ, ಮಳೆಗಾಲದಲ್ಲಿ ತಲೆಯ ತುಂಬ ಎಲೆ ಹೊತ್ತು ಬೇಸಿಗೆಯಲ್ಲಿ ಬೋಳಾಗುವ ಎಲೆಗಳ್ಳಿ ಇವುಗಳನ್ನು ಹಳ್ಳಿಯ ಹುಡುಗರೂ ಬಲ್ಲರು. ಬಳಪದ ಕಡ್ಡಿಗಳನ್ನು ಕಟ್ಟಿಟ್ಟಂತೆ ಕಾಣುವ ಬೊಂತೆಗಳ್ಳಿ ಆಫ್ರಿಕದ ಮೂಲದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುವರಾದರೂ ಬಹು ಹಿಂದೆಯೇ ಬಂದು ಈ ನೆಲದ್ದೇ ಆಗಿಹೋಗಿದೆ. ಈ ಮೂರರಲ್ಲಿ ಯಾವುದನ್ನು ಗೀರಿದರೂ ಬಿಳಿಯ ಹಾಲು ಒಸರುತ್ತದೆ. ಹಾಲು ಚರ್ಮಕ್ಕೆ ತಗುಲಿದರೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಆದುದರಿಂದಲೇ ದನಗಳು ಅದಕ್ಕೆ ಬಾಯಿಹಾಕುವುದಿಲ್ಲ. ದನ ಬಾಯಿಹಾಕದುದರಿಂದಲೇ ಅದು ಬೇಲಿಗೆ ಒದಗಿತು. ಆಯುರ್ವೇದದವರು ಎಲೆಗಳ್ಳಿಯನ್ನು ಸ್ನುಹಿಯೆಂದು ಕರೆದು, ಅದರ ಹಾಲನ್ನು ತೀಕ್ಷ್ಣ ವಿರೇಚಕಗಳ ಸಾಲಿನಲ್ಲಿ ಎಣಿಸಿದರು. ಭಗಂದರಕ್ಕೆ ಕಟ್ಟುವ ಕ್ಷಾರಸೂತ್ರದ ನೂಲಿಗೆ ಇಂದಿಗೂ ಈ ಹಾಲನ್ನೂ ಉತ್ತರಾಣಿಯ ಕ್ಷಾರವನ್ನೂ ಅರಿಸಿನವನ್ನೂ ಲೇಪಿಸುತ್ತಾರೆ.

ಮುಳ್ಳಿನ ಚೆಂಡಿನಂತಿರುವ ಅಲಂಕಾರದ ಗಿಡಗಳು ಬೇರೆ ಕುಲಕ್ಕೆ ಸೇರಿದವು. ಸಸ್ಯಶಾಸ್ತ್ರದಲ್ಲಿ ಕ್ಯಾಕ್ಟಸ್ ಎಂದು ಕರೆಯುವ ಈ ಕುಲವು, ಒಂದೇ ಒಂದು ಜಾತಿಯನ್ನು ಬಿಟ್ಟರೆ, ಪೂರ್ತಿಯಾಗಿ ಅಮೆರಿಕ ಖಂಡಗಳದು. ಇವುಗಳನ್ನು ಗೀರಿದರೆ ಸಾಮಾನ್ಯವಾಗಿ ಹಾಲು ಬರುವುದಿಲ್ಲ. ನೀರಿನಂಥ ಲೋಳೆ ಬರುತ್ತದೆ. ಮುಳ್ಳುಗಳು ಒಂಟೊಂಟಿಯಾಗಿ ತೊಗಟೆಯಿಂದ ಏಳದೆ, ಚಿಕ್ಕ ದಿಂಡಿನಂಥ ಮೆತ್ತೆಯೊಂದರಿಂದ ಗುಂಪುಗುಂಪಾಗಿ ಹೊರಡುತ್ತವೆ. ಹಾಲುಳ್ಳದ್ದು ಹಳೆಯ ಲೋಕದ್ದು, ಹಾಲಿಲ್ಲದೆ ಮೆತ್ತೆಯ ಮುಳ್ಳುಳ್ಳದ್ದು ಹೊಸ ಲೋಕದ್ದು ಎಂಬ ಈ ಒರೆಗಲ್ಲು ಮನೆಯಲ್ಲಿ ಗಿಡ ಬೆಳೆಸುವವರಿಗೆ ಬಹುಮಟ್ಟಿಗೆ ಸಾಕು. ಹರಿಹರದಲ್ಲಿ, ಕ್ರಿ. ಶ. ೧೨೨೪ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ, ಎರಡು ದೈವಗಳು ಒಂದೇ ಮೂರ್ತಿಯಲ್ಲಿ ಕೂಡಿನಿಂತಿವೆ. ಕಳ್ಳಿಗಳಲ್ಲಿ ಕಾಣುವುದು ಇದಕ್ಕೆ ವಿಪರೀತವಾದ ಸೋಜಿಗ: ಆಫ್ರಿಕ ಭರತಖಂಡಗಳ ಒಂದು ಕುಲವೂ ಅಮೆರಿಕದ ಇನ್ನೊಂದು ಕುಲವೂ ಒಂದಕ್ಕೊಂದರ ಸಂಬಂಧವಿಲ್ಲದೆ, ನೀರಿಲ್ಲದ ಸೀಮೆಯಲ್ಲಿ ಬಾಳಬೇಕಾದ ಒಂದೇ ಕಷ್ಟಕ್ಕೆ ಸಿಕ್ಕಿ, ಒಂದೇ ರೂಪವನ್ನು ತಾಳಿದುವು.

ಕಳ್ಳಿಯಲ್ಲದಿದ್ದರೂ ಮೈಯಲ್ಲಿ ನೀರು ತುಂಬಿಕೊಳ್ಳುವ ಬೇರೆ ಗಿಡಗಳಿಗೂ ಈ ಸೀಮೆಯ ಮನೆಗಳಲ್ಲಿ ಎಡೆಯಿತ್ತು. ಹಿತ್ತಲಿನಲ್ಲಿ ಲೋಳೆಸರ, ಬೇಲಿಯ ಮೇಲೆ ಗಂಟುಗಂಟಾದ ಸಂದುಬಳ್ಳಿ, ಹೊಲದ ಬದುವಿನಲ್ಲಿ ಸಾರಿಗೆ ಒದಗುವ ಗೋಣಿಸೊಪ್ಪು. ಚಿತ್ರದುರ್ಗದ ಕಡೆಯ ಬಂಡೆಗುಡ್ಡಗಳ ಸಂದುಗಳಲ್ಲಿ ಎಲೆಯೇ ಇಲ್ಲದೆ, ಏಣುಳ್ಳ ಬೆರಳುಗಳಂತೆ ನಿಲ್ಲುವ ಚಿಕ್ಕ ಗಿಡಗಳುಂಟು. ಶಾಸ್ತ್ರದಲ್ಲಿ ಇವುಗಳಿಗೆ ಕರಲ್ಲುಮ ಎಂದು ಹೆಸರು. ಹಸಿವು ಕಟ್ಟಲೆಂದು ಇವುಗಳಲ್ಲಿ ಕೆಲವನ್ನು ಜಗಿಯುವ ವಾಡಿಕೆ ದಕ್ಷಿಣದ ಒಣಸೀಮೆಗಳಲ್ಲಿ ಇದ್ದಿತು. ಲೋಳೆಸರವನ್ನು ದೃಷ್ಟಿದೋಷಕ್ಕೆಂದು ಬೇರುಸಹಿತ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ಪದ್ಧತಿ ಇಂದಿಗೂ ಅಂಗಡಿಗಳಲ್ಲಿ ಉಳಿದಿದೆ. ಮಣ್ಣಿಲ್ಲದೆ ನೀರಿಲ್ಲದೆ ತಿಂಗಳುಗಟ್ಟಲೆ ಹಸುರಾಗಿ ತೂಗುವ ಆ ಗಿಡವು, ಈ ಜಾತಿಗಳಿಗೆ ನೀರಿನ ಚಿಂತೆ ಎಷ್ಟು ಕಡಮೆ ಎಂಬುದನ್ನು ಪ್ರತಿದಿನವೂ ತಲೆಯ ಮೇಲೆಯೇ ತೋರಿಸುತ್ತಿದೆ.

ಬೇಲಿಯೆಂದರೆ ಆ ಕಾಲದಲ್ಲಿ ಹಿತ್ತಲಿನ ಗಡಿ ಮಾತ್ರವಲ್ಲ. ದಂಡುಗಳೂ ಸುಲಿಗೆಗಾರರೂ ಊರಿಂದೂರಿಗೆ ಹರಿದಾಡುತ್ತಿದ್ದ ದಿನಗಳಲ್ಲಿ ಹಲವು ಊರುಗಳಿಗೆ ಮಣ್ಣುಗೋಡೆಯ ಹೊರಗೆ ಮುಳ್ಳಿನ ಬೇಲಿಯೇ ಎರಡನೆಯ ಕೋಟೆ. ೧೭೯೨ರಲ್ಲಿ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಮೊದಲು ಎದುರಾದುದು ಊರಿನ ಸುತ್ತ ದೂರದವರೆಗೆ ಹಬ್ಬಿಸಿದ್ದ ಇಂಥ ಮುಳ್ಳುಗಿಡಗಳ ಬೇಲಿ. ಹೈದರಾಲಿಯು ದಾವಣಗೆರೆಯನ್ನು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟು, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಈ ಊರು ಬೆಳೆಯತೊಡಗಿತು. ವರ್ಷಕ್ಕೆ ಸುಮಾರು ಇಪ್ಪತ್ತೈದು ಅಂಗುಲ ಮಳೆ ಬೀಳುವ ಇಂಥ ಬಯಲುಸೀಮೆಯಲ್ಲಿ ನೆಟ್ಟು ಮರೆತರೂ ಬೆಳೆಯುವ ಬೇಲಿಯೆಂದರೆ ಕಳ್ಳಿಯೊಂದೇ.

೨

ಹೊರನಾಡಿನಿಂದ ಬಂದ ಕಳ್ಳಿಗಳಲ್ಲಿ ಮೊದಲು ನಿಲ್ಲುವುದು ಪಾಪಾಸುಕಳ್ಳಿ. ಹೆಸರೇ ಅದರ ಹೊಸತನವನ್ನು ಸಾರುತ್ತದೆ. ಪಾಪಾಸು ಎಂದರೆ ಕೆರ. ಪಾರಸಿಯಿಂದ ಬಂದ ಮಾತು. ಕೆರದ ಅಟ್ಟೆಯಂತೆ ಚಪ್ಪಟೆಯಾದ ತುಂಡುಗಳ ಮೇಲೆ ತುಂಡು ಬೆಳೆಯುವುದರಿಂದ ಜನರು ಅದಕ್ಕೆ ಈ ಹೆಸರನ್ನಿಟ್ಟರು. ಅಮೆರಿಕದಿಂದ ಯೂರೋಪಿಯನ್ನರ ಹಡಗುಗಳ ಮೂಲಕ ಭರತಖಂಡಕ್ಕೆ ಬಂದ ಈ ಗಿಡಗಳು ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಬೇಲಿಗಳಲ್ಲಿ ಸೇರಿಕೊಂಡಿದ್ದುವು. ಕತ್ತಾಳೆಯೂ ಅದೇ ದಿಕ್ಕಿನಿಂದ, ಮೆಕ್ಸಿಕೊ ದೇಶದಿಂದ, ಬಂದುದು. ಹಗ್ಗಕ್ಕೆ ನಾರು ಕೊಟ್ಟು, ಹಲವು ವರ್ಷಗಳಿಗೊಮ್ಮೆ ಕಂಬದಂಥ ಹೂಗೊನೆಯೆತ್ತಿ ಆ ಬಳಿಕ ಸಾಯುವ ಈ ಗಿಡವನ್ನು ರೈಲುದಾರಿಗಳ ಅಂಚಿನಲ್ಲಿ ಬೇಲಿಯಾಗಿ ನೆಡುವುದು ಈ ದೇಶದಲ್ಲಿ ರೂಢಿಯಾಯಿತು. ೧೮೮೯ರಲ್ಲಿ ಬೆಂಗಳೂರಿನ ರೈಲುದಾರಿ ಹರಿಹರವನ್ನು ಮುಟ್ಟಿತು.

ಪಾಪಾಸುಕಳ್ಳಿಯ ಕಥೆಗೆ ರಾಜಕಾರಣವೂ ವ್ಯಾಪಾರವೂ ಬೆರೆತದ್ದು ಒಂದು ಹುಳುವಿನಿಂದ. ಕನ್ನಡದಲ್ಲಿ ಕಿರಮಂಜಿಯೆಂದು ಕರೆಯುವ ಕಡುಗೆಂಪು ಬಣ್ಣವನ್ನು ಮೆಕ್ಸಿಕೊ ದೇಶದ ಜನರು ಅಲ್ಲಿಯ ಪಾಪಾಸುಕಳ್ಳಿಯ ಮೇಲೆ ಸಾಕಿದ ಪುಟ್ಟ ಹುಳುವಿನಿಂದ ತೆಗೆಯುತ್ತಿದ್ದರು. ಹೆಣ್ಣುಹುಳು ಒಂದೆಡೆ ಕಚ್ಚಿಕೊಂಡು ಕಳ್ಳಿಯ ರಸವನ್ನು ಹೀರುತ್ತ ಅಲ್ಲಿಂದ ಕದಲದು. ಮೈಮೇಲೆ ಅರಳೆಯಂಥ ಬಿಳಿಯ ಮೇಣವನ್ನು ಹೊದ್ದಿರುವುದು. ಅದನ್ನು ಬೆರಳಿನಿಂದ ಹೊಸಕಿದರೆ ರಕ್ತದಂಥ ಕೆಂಪು. ಒಂದು ಪೌಂಡು ಬಣ್ಣದ ಸರಕಿಗೆ ಸುಮಾರು ೭೦,೦೦೦ ಒಣಹುಳುಗಳು ಬೇಕಾಗುತ್ತಿದ್ದುವು. ಹದಿನಾರನೆಯ ಶತಮಾನದಿಂದ ಈ ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿತ್ತು; ಹುಳುವನ್ನು ಹೊರಕ್ಕೆ ಬಿಡದಂತೆ ಅವರು ಕಾದುಕೊಂಡಿದ್ದರು.

ಇಂಗ್ಲಿಷ್ ಕುಂಪಣಿಗೆ ಈ ಲಾಭದ ಮೇಲೆ ಕಣ್ಣುಬಿತ್ತು. ಮದರಾಸಿನಲ್ಲಿ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಎಂಬವನು ಕಿರಮಂಜಿಯ ಹುಳುವನ್ನು ಸಾಕಬೇಕೆಂಬ ಹಟದಿಂದ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಬೆಳೆಸಿದನು. ಹುಳು ಮಾತ್ರ ಕೈಗೆ ಸಿಕ್ಕಿರಲಿಲ್ಲ. ೧೭೯೫ರಲ್ಲಿ ನೀಲ್ಸನ್ ಎಂಬ ಕಪ್ತಾನನು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ಬಂದರಿನಿಂದ ಹುಳುಗಳಿದ್ದ ಕಳ್ಳಿಯನ್ನು ಕಲ್ಕತ್ತೆಗೆ ತಂದನು. ಎಲ್ಲರೂ ಹಿಗ್ಗಿದರು. ಆದರೆ ಬಂದದ್ದು ಮೆಕ್ಸಿಕೊವಿನ ಸಾಕುಹುಳುವಲ್ಲ, ಅದರ ಕಾಡುಬಂಧು. ಅದರ ಬಣ್ಣ ಕೀಳಾಗಿತ್ತು, ಲಾಭ ಬರಲಿಲ್ಲ. ಕುಂಪಣಿಯವರ ಎಣಿಕೆ ಹೀಗೆ ತಪ್ಪಿತು.

ತಪ್ಪಿದ ಎಣಿಕೆಯಿಂದಲೇ ಇನ್ನೊಂದು ಸಂಗತಿ ಹೊರಪಟ್ಟಿತು. ಬಣ್ಣಕ್ಕೆ ಬಾರದ ಆ ಹುಳು ಅಂದಿನ ಬೇಲಿಗಳಲ್ಲಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಬೇರುಸಹಿತ ಒಣಗಿಸುತ್ತ ಉತ್ತರದೇಶದಲ್ಲಿ ಹರಡಿತು. ಇದನ್ನು ನೋಡಿ, ೧೮೩೬ರಿಂದ ೧೮೩೮ರವರೆಗೆ ಅದೇ ಹುಳುವನ್ನು ದಕ್ಷಿಣಕ್ಕೆ ತಂದು ಕಳ್ಳಿಯ ನಾಶಕ್ಕೆಂದೇ ಬಿಟ್ಟರು. ಕೇಡು ಮಾಡುವ ಗಿಡವೊಂದನ್ನು ಅದರ ಸಹಜಶತ್ರುವಾದ ಹುಳುವಿನಿಂದ ತಿಳಿದೇ ಅಡಗಿಸಿದ ಪ್ರಯೋಗಗಳಲ್ಲಿ ಲೋಕದಲ್ಲಿಯೇ ಇದು ಮೊದಲನೆಯದೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಬಳಿಕ ಈ ಹುಳು ಸಿಂಹಳಕ್ಕೂ ಹೋಯಿತು.

೩

ಇದೇ ಕಾಲದಲ್ಲಿ, ಲಾಭದ ಗದ್ದಲವಿಲ್ಲದೆ, ಇನ್ನೊಬ್ಬನು ಇಂಥ ರಸಭರಿತ ಗಿಡವೊಂದನ್ನು ನೋಡುತ್ತಿದ್ದನು. ಟೀಪು ಸುಲ್ತಾನನ ಪತನವಾದ ಮೇಲೆ ಕುಂಪಣಿಯವರು ಮೈಸೂರುಸೀಮೆಯ ನೆಲಜಲಗಳ ಲೆಕ್ಕವನ್ನು ತಿಳಿಯಲು ಹಲವರನ್ನು ಕಳುಹಿಸಿದರು. ಅವರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬವನು ೧೮೦೧ರಲ್ಲಿ ಹರಿಹರಕ್ಕೂ ದಾವಣಗೆರೆಗೂ ಬಂದು ಇಲ್ಲಿಯ ಬೆಳೆ, ನೆಯ್ಗೆ, ವ್ಯಾಪಾರಗಳನ್ನು ವಿಚಾರಿಸಿ ಬರೆದುಕೊಂಡನು. ಅವನ ಪ್ರವಾಸಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕರ್ನಲ್ ಮೆಕೆಂಜಿಯ ಮೋಜಣಿಯ ಜೊತೆಗೆ ಬಂದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ ಎಂಬವನಿಗೆ ಬೆಂಗಳೂರಿನ ಲಾಲ್‌ಬಾಗಿನ ತೋಟದ ಭಾರವನ್ನು ಒಪ್ಪಿಸಲಾಯಿತು. ಹೈದರಾಲಿಯು ೧೭೬೦ರಲ್ಲಿ ತೊಡಗಿಸಿದ ಆ ತೋಟವನ್ನು ಉಪಯುಕ್ತ ಸಸ್ಯಗಳ ಭಂಡಾರವನ್ನಾಗಿ ಮಾಡಬೇಕೆಂಬುದು ಮೇಲಿನವರ ಇಚ್ಛೆ. ಅಪೂರ್ವವೆಂದೋ ಸುಂದರವೆಂದೋ ಮಾತ್ರ ಹೆಸರಾದ ಗಿಡಗಳಿಗಿಂತ ಪ್ರಯೋಜನಕ್ಕೆ ಬರುವವುಗಳಿಗೆ ಹೆಚ್ಚಿನ ಎಡೆ ಕೊಡತಕ್ಕದ್ದೆಂದು ಹೈನನಿಗೆ ಸ್ಪಷ್ಟವಾದ ಅಪ್ಪಣೆಯಾಗಿತ್ತು.

ಅಂಥ ಅಪ್ಪಣೆಯನ್ನು ಹೊತ್ತವನಿಗೆ ಕೀರ್ತಿ ತಂದುದು ಆ ಕಾಲಕ್ಕೆ ಯಾವ ವ್ಯಾಪಾರಕ್ಕೂ ಒದಗದ ಒಂದು ಎಲೆ. ಕನ್ನಡದಲ್ಲಿ ಕಾಡುಬಸಳೆಯೆನ್ನುವ ಗಿಡವುಂಟು. ಮೂಲತಃ ಮಡಗಾಸ್ಕರ್ ದ್ವೀಪದ್ದು. ದಪ್ಪನೆಯ ಇದರ ಎಲೆಯನ್ನು ಕಿತ್ತು ಪುಸ್ತಕದಲ್ಲಿಟ್ಟರೆ ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳು ಮೂಡುವುದನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಹೈನನು ಈ ಎಲೆಯನ್ನು ಹೊತ್ತುಹೊತ್ತಿಗೆ ಕಿತ್ತು ಬಾಯಿಗಿಟ್ಟು ನೋಡಿದನು. ಬೆಳಗ್ಗೆ ಅದು ಹುಳಿಸೊಪ್ಪಿನಷ್ಟೇ ಹುಳಿ. ಹೊತ್ತೇರಿದಂತೆ ಹುಳಿ ಇಳಿಯುತ್ತ ಬಂದು ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ಕೊಂಚ ಕಹಿ. ಒಂದೇ ಎಲೆಗೆ ಒಂದೇ ದಿನದಲ್ಲಿ ಮೂರು ರುಚಿ! ೧೮೧೩ರಲ್ಲಿ ಅವನು ಇದನ್ನು ಲಂಡನ್ನಿನ ಲಿನ್ನೀಯನ್ ಸಂಘದ ಲ್ಯಾಂಬರ್ಟ್ ಎಂಬವನಿಗೆ ಪತ್ರದಲ್ಲಿ ತಿಳಿಸಿದನು. ೧೮೧೫ರಲ್ಲಿ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪತ್ರದ ಪೂರ್ಣಾರ್ಥ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಸಾಮಾನ್ಯವಾದ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವಾಯುವನ್ನು ತೆಗೆದುಕೊಂಡು ಬಿಸಿಲಿನ ಬಲದಿಂದ ಆಹಾರವನ್ನು ಮಾಡಿಕೊಳ್ಳುತ್ತವೆ. ರಂಧ್ರ ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುವುದೂ ತಪ್ಪದು. ಉರಿಬಿಸಿಲಿನ ನಾಡಿನಲ್ಲಿ ಈ ವೆಚ್ಚ ತಡೆಯದು. ಆದುದರಿಂದ ಕಳ್ಳಿ, ಕತ್ತಾಳೆ, ಕಾಡುಬಸಳೆ ಮೊದಲಾದವು ಹಗಲಿನಲ್ಲಿ ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಹೀರಿದ ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಬೆಳಕು ಬಂದ ಮೇಲೆ ಬಾಗಿಲು ಮುಚ್ಚಿಕೊಂಡೇ ಅದನ್ನು ಕರಗಿಸಿ ಆಹಾರ ಮಾಡುತ್ತವೆ. ಬೆಳಗಿನ ಹುಳಿ ರಾತ್ರಿಯ ಗಳಿಕೆ. ಮಧ್ಯಾಹ್ನದ ಸಪ್ಪೆ ಹಗಲಿನ ಖರ್ಚು. ಪಾಪಾಸುಕಳ್ಳಿಯು ರಾತ್ರಿಯಲ್ಲಿ ವಾಯುವನ್ನು ಹೀರುವುದನ್ನು ಜಿನೀವದ ಸೊಸ್ಯೂರ್ ಎಂಬ ವಿದ್ವಾಂಸನೂ ೧೮೦೪ರಲ್ಲಿ ಗುರುತಿಸಿದ್ದನು. ಈ ಕ್ರಮಕ್ಕೆ ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯ ಹೆಸರೇ ಶಾಸ್ತ್ರದಲ್ಲಿ ನಿಂತಿದೆ. ಕುಂಡದ ಗಿಡಕ್ಕೆ ನೀರು ಹಾಕುವ ಕೈ ಮೊದಲು ತಿಳಿಯಬೇಕಾದ ಸಂಗತಿ ಇದೇ: ಈ ಗಿಡ ಜಿಪುಣನಲ್ಲ, ಲೆಕ್ಕಗಾರ, ಅದಕ್ಕೆ ಬೇಡದ ನೀರು ದಾನವಾಗದು, ಹೊರೆಯಾದೀತು.

೪

ಹೈನನ ಪತ್ರ ಗ್ರಂಥಾಲಯದಲ್ಲಿ ಉಳಿಯಿತು. ಹೊಲಗಳಲ್ಲಿ ಮಾತ್ರ ಲಾಭದ ಆಸೆ ಬಿತ್ತಿದ್ದು ಫಲ ಕೊಡುತ್ತ ಹೋಯಿತು. ಮೊದಲಿನ ಹುಳು ತಿಂದು ತೀರಿಸಿದ್ದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ. ಅದರ ಸೋದರಜಾತಿಯೊಂದನ್ನು, ಹಳದಿ ಹೂವು, ಕೆನ್ನೀಲಿ ಹಣ್ಣು, ಮುಟ್ಟಿದರೆ ಚುಚ್ಚಿಕೊಳ್ಳುವ ನುಣ್ಮುಳ್ಳುಗಳುಳ್ಳ ಗಿಡವನ್ನು, ಆ ಹುಳು ಮುಟ್ಟಲಿಲ್ಲ. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಒಣಸೀಮೆಗಳಲ್ಲೆಲ್ಲ ಹಬ್ಬಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಒಯ್ದುವು. ಕಡಿದು ಎಸೆದ ಒಂದೊಂದು ತುಂಡೂ ಬಿದ್ದಲ್ಲಿ ಬೇರುಬಿಟ್ಟಿತು. ಬೇಲಿಯೇ ಎದ್ದು ಹೊಲವನ್ನು ಮೇದಂತಾಯಿತು. ಕೆರೆಯ ಏರಿ, ಊರಬಾಗಿಲು, ಪಾಳುಬಿದ್ದ ಮನೆಗಳ ಅಡಿಪಾಯ ಎಲ್ಲವೂ ಅದರ ಪಾಲು. ಕಡಿಯಹೋದವರ ಕೈಕಾಲು ಮುಳ್ಳು. ಕಡಿಯದೆ ಬಿಟ್ಟರೆ ಅದರೊಳಗೆ ಹಾವು ಹಂದಿಗಳ ಬೀಡು. ಸುಡುವುದೂ ಹೂಳುವುದೂ ದುಬಾರಿಯ ಕೆಲಸ. ಸುಟ್ಟಮೇಲೂ ಒಂದು ತುಂಡು ಉಳಿದರೆ ಮರುವರ್ಷದ ಮಳೆಗೆ ಮತ್ತೆ ಮೊದಲಿನಂತೆ.

ಇದರ ನಡುವೆ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. ೧೮೭೧ರ ಖಾನೇಷುಮಾರಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಅದೆಷ್ಟು ಮನೆಗಳ ದೀಪ ಆರಿತೋ! ಹುಲ್ಲಿಲ್ಲದ ಬರದ ವರ್ಷಗಳಲ್ಲಿ ಪಾಪಾಸುಕಳ್ಳಿಯ ಮುಳ್ಳನ್ನು ಸುಟ್ಟು, ಕೊಚ್ಚಿ ದನಗಳಿಗೆ ಹಾಕುವ ಉಪಾಯ ಡೆಕ್ಕನ್ನಿನಲ್ಲಿ ಬಳಕೆಗೆ ಬಂತು. ಹಣ್ಣನ್ನು ಹಸಿದವರು ತಿಂದರು. ಹೊಲವನ್ನು ನುಂಗಿದ ಗಿಡವೇ ಹೊಟ್ಟೆಗೂ ಕೊಂಚ ಆಸರೆಯಾದುದನ್ನು ಚರಿತ್ರೆಯು ಮರೆಯಲಾಗದು. ಕಳ್ಳಿಯನ್ನು ಶತ್ರುವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಈ ಪುಟವನ್ನೂ ಓದಬೇಕು.

ಇತ್ತ ಕಿರಮಂಜಿಯ ಬೆಲೆಯೂ ಕುಸಿಯಿತು. ೧೮೫೬ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ಬಣ್ಣ ತೆಗೆಯುವುದನ್ನು ಕಂಡುಹಿಡಿದ ಮೇಲೆ ಹುಳುವಿನ ಬಣ್ಣಕ್ಕೆ ಗಿರಾಕಿಗಳು ಇಳಿದರು. ಯಾವ ಲಾಭಕ್ಕಾಗಿ ಕಳ್ಳಿಯ ತೋಟಗಳನ್ನು ನೆಟ್ಟರೋ ಆ ಲಾಭವೇ ಲೋಕದಿಂದ ಮರೆಯಾಯಿತು. ಕಳ್ಳಿ ಮಾತ್ರ ಉಳಿಯಿತು.

ಬಿಡುಗಡೆ ದೊರೆತದ್ದು ೧೯೨೬ರಲ್ಲಿ. ಈ ಎರಡನೆಯ ಜಾತಿಯ ಕಳ್ಳಿಗೆ ತಕ್ಕ ಬೇರೊಂದು ಕಿರಮಂಜಿಹುಳುವನ್ನು ಸಿಂಹಳದಿಂದ ದಕ್ಷಿಣ ಭಾರತಕ್ಕೆ ತರಲಾಯಿತು. ಈ ಬಾರಿ ಲಾಭದ ಆಸೆಯಿಂದಲ್ಲ, ಯಾವ ಹುಳುವಿಗೆ ಯಾವ ಕಳ್ಳಿ ಎಂಬುದನ್ನು ಪರೀಕ್ಷಿಸಿ ಅರಿತು. ಕೆಲವೇ ವರ್ಷಗಳಲ್ಲಿ ಬೇಲಿಗಳ ಮೇಲೆ ಅರಳೆ ಚೆಲ್ಲಿದಂತೆ ಬಿಳುಪು ಹರಡಿ, ಪೊದೆಗಳು ಬಾಡಿ, ಕಪ್ಪಾಗಿ, ನೆಲಕ್ಕೊರಗಿದುವು. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿ ಕಣ್ಣನ್ ಅವರು ೧೯೩೦ರಲ್ಲಿ ಮೈಸೂರಿನ ಕೃಷಿಪತ್ರಿಕೆಯಲ್ಲಿ ಈ ಹುಳುವಿನ ವಿಷಯವಾಗಿ ಬರೆದರು. ಆಸ್ಟ್ರೇಲಿಯದಲ್ಲಿ ಸುಮಾರು ಆರು ಕೋಟಿ ಎಕರೆ ನೆಲವನ್ನು ಆವರಿಸಿದ್ದ ಪಾಪಾಸುಕಳ್ಳಿಯನ್ನು, ಅದೇ ೧೯೨೬ರಿಂದ, ಅರ್ಜೆಂಟೈನ ದೇಶದ ಒಂದು ಪತಂಗದ ಮರಿಹುಳುಗಳು ತಿಂದು ತೀರಿಸಿದುವು. ಆ ಪತಂಗದ ಉಪಕಾರವನ್ನು ನೆನೆದು ಕ್ವೀನ್ಸ್‌ಲ್ಯಾಂಡಿನ ಬೂನಾರ್ಗ ಎಂಬ ಊರಿನ ರೈತರು ೧೯೩೬ರಲ್ಲಿ ಅದರ ಹೆಸರಿನ ಸಭಾಭವನವನ್ನೇ ಕಟ್ಟಿಸಿದರು.

ಸಿಂಹಳದ ಹುಳು ಬಂದ ಮೇಲೆ ಈ ಸೀಮೆಯ ಪಾಪಾಸುಕಳ್ಳಿಯು ಅಲ್ಲಲ್ಲಿ ಉಳಿದ ಪೊದೆಗಳ ಮಟ್ಟಕ್ಕೆ ಇಳಿಯಿತು. ಹಾಲಿನ ಕಳ್ಳಿಗಳ ಬೇಲಿಗಳು ಹೋದುದು ಬೇರೆ ಕಾರಣದಿಂದ. ಭದ್ರ ಜಲಾಶಯದ ಕಾಲುವೆಗಳು ೧೯೬೦ರ ದಶಕದಲ್ಲಿ ದಾವಣಗೆರೆಯ ಬಯಲಿಗೆ ನೀರು ತಂದಮೇಲೆ ಒಣಹೊಲಗಳು ಗದ್ದೆಗಳಾದುವು; ಬದುವಿನ ಒಂದೊಂದು ಗೇಣಿಗೂ ಬೆಲೆ ಬಂತು; ಕಳ್ಳಿಯ ಜಾಗದಲ್ಲಿ ಕಲ್ಲುಕಂಬವೂ ಮುಳ್ಳುತಂತಿಯೂ ನಿಂತುವು. ಬೇಲಿಯ ಕಾಲ ಹೀಗೆ ಮುಗಿಯಿತು.

೫

ಅಲಂಕಾರದ ಕಳ್ಳಿಗೆ ಮನ್ನಣೆ ಮೊದಲು ದೊರೆತದ್ದು ಯೂರೋಪಿನಲ್ಲಿ. ಚಳಿಯ ದೇಶದಲ್ಲಿ ಗಾಜಿನ ಮನೆಗಳಲ್ಲಿ ಈ ಗಿಡಗಳನ್ನು ಸಾಕುವುದು ಶ್ರೀಮಂತರ ಹವ್ಯಾಸವಾಯಿತು. ೧೮೧೨ರಲ್ಲಿಯೇ ಹಾವರ್ತ್ ಎಂಬ ಇಂಗ್ಲಿಷನು ರಸಭರಿತ ಸಸ್ಯಗಳ ವಿಷಯದಲ್ಲಿ ಲ್ಯಾಟಿನ್ ಗ್ರಂಥವನ್ನು ಅಚ್ಚುಹಾಕಿಸಿದನು. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನನ ಕಾಲದಲ್ಲಿ ೧೮೮೯ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ೧೯೦೮ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ಲನ ಕಾಲದಲ್ಲಿ ಫಲಪುಷ್ಪ ಪ್ರದರ್ಶನಗಳು ಬೇರೂರಿದುವು. ಚೆಲುವಿಗಿಂತ ಪ್ರಯೋಜನಕ್ಕೆ ಹೆಚ್ಚಿನ ಎಡೆಯೆಂದು ಒಮ್ಮೆ ಅಪ್ಪಣೆಯಾಗಿದ್ದ ಆ ತೋಟದಲ್ಲಿಯೇ ಕಳ್ಳಿಗಳಿಗೂ ಚೆಲುವಿನ ಸಲುವಾಗಿ ಒಂದು ಮೂಲೆ ದೊರೆಯಿತು. ಅದೇ ಮಾದರಿಯ ಗಾಜಿನ ಮನೆಯೊಂದು ಈಚೆಗೆ ದಾವಣಗೆರೆಯಲ್ಲಿಯೂ ಎದ್ದಿದೆ.

ಮನೆಯಲ್ಲಿ ಈ ಗಿಡಗಳನ್ನು ಬೆಳೆಸುವ ಕ್ರಮವೆಲ್ಲ ಮೇಲಿನ ಚರಿತ್ರೆಯಿಂದಲೇ ಹುಟ್ಟುತ್ತದೆ. ಮೊದಲನೆಯದು ಮಣ್ಣು. ದಾವಣಗೆರೆಯ ಸುತ್ತಲಿನ ಎರೆಮಣ್ಣು ಹತ್ತಿಗೂ ಜೋಳಕ್ಕೂ ಒಳ್ಳೆಯದು. ನೀರನ್ನು ಬಹುಕಾಲ ಹಿಡಿದಿಡುವ ಅದರ ಗುಣವೇ ಕುಂಡದ ಕಳ್ಳಿಗೆ ವಿಷ. ಹರಿಹರದಲ್ಲಿ ತುಂಗಭದ್ರೆ ತಂದು ಹಾಕುವ ದಪ್ಪ ಮರಳು ಇದಕ್ಕೆ ತಕ್ಕುದು. ಮನೆ ಕಟ್ಟುವಾಗ ಉಳಿದ ಅಂಥ ಮರಳಿನ ಎರಡು ಪಾಲಿಗೆ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಇಟ್ಟಿಗೆಯ ಚೂರು ಒಂದು ಹಿಡಿ ಸೇರಿಸಿದರೆ ಸಾಕು. ಕುಂಡಕ್ಕೆ ತಳದಲ್ಲಿ ತೂತಿರಲೇಬೇಕು. ತೂತಿಲ್ಲದ ಚೀನೀ ಬಟ್ಟಲು ಕಣ್ಣಿಗೆ ಹಬ್ಬವಾದರೂ ಗಿಡಕ್ಕೆ ಕೆರೆ.

ಎರಡನೆಯದು ನೀರು. ಬೆರಳನ್ನು ಮಣ್ಣಿನಲ್ಲಿ ಒತ್ತಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಬಿಡತಕ್ಕದ್ದು. ದಿನಕ್ಕೊಂದು ಚಮಚೆಯಂತೆ ಕನಿಕರ ತೋರುವುದು ಕೊಲೆಗೆ ಸಮಾನ. ಬೇಸಿಗೆಯಲ್ಲಿ ಹಾಕುವ ನೀರು ಸಂಜೆಯಾದ ಮೇಲೆ. ಗಿಡ ಬಾಗಿಲು ತೆರೆಯುವ ಹೊತ್ತು ಅದೇ. ಈ ಸೀಮೆಯಲ್ಲಿ ಮನೆಯ ಕಳ್ಳಿಗಳು ಹೆಚ್ಚಾಗಿ ಸಾಯುವುದು ಏಪ್ರಿಲ್ ತಿಂಗಳ ಉರಿಯಲ್ಲಿ ಅಲ್ಲ, ಜೂನಿನಿಂದ ಅಕ್ಟೋಬರಿನವರೆಗಿನ ತೇವದಲ್ಲಿ. ಆ ತಿಂಗಳುಗಳಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಿ, ಗಾಳಿಯೂ ಬೆಳಕೂ ಆಡುವಂತೆ ಇಟ್ಟರೆ ಉಳಿಯುತ್ತದೆ. ಬುಡ ಮೆತ್ತಗಾಗಿ ಕಂದಿದರೆ ಕೊಳೆತ ಭಾಗವನ್ನೆಲ್ಲ ಕೊಯ್ದು ತೆಗೆದು, ಆರೋಗ್ಯವಾದ ತುದಿಯನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ, ಗಾಯ ಹಕ್ಕಳೆಗಟ್ಟಿದ ಮೇಲೆ ಒಣಮರಳಿನಲ್ಲಿ ನೆಡಬೇಕು. ಹಾಲಿನ ಕಳ್ಳಿಯನ್ನು ಕೊಯ್ಯುವಾಗ ಕೈಗವಸು ತೊಟ್ಟು, ಮಕ್ಕಳನ್ನು ದೂರವಿಡುವುದು ಅವಶ್ಯ.

ಮೂರನೆಯದು ಕೊಳ್ಳುವಾಗಿನ ವಿವೇಕ. ಹಸುರು ದಿಂಡಿನ ಮೇಲೆ ಕೆಂಪು ಅಥವಾ ಹಳದಿಯ ಚೆಂಡು ಕೂತಿರುವ ಕಳ್ಳಿ ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಇವು ಎರಡು ಗಿಡಗಳು. ಮೇಲಿನದಕ್ಕೆ ಹಸುರೇ ಇಲ್ಲದುದರಿಂದ ಸ್ವಂತ ಆಹಾರ ಮಾಡಿಕೊಳ್ಳಲಾರದು. ಕೆಳಗಿನದಕ್ಕೆ ಕಸಿ ಮಾಡಿ ಬದುಕಿಸುತ್ತಾರೆ. ಜಪಾನಿನಲ್ಲಿ ೧೯೪೦ರ ದಶಕದಲ್ಲಿ ತೊಡಗಿದ ಈ ಕುಶಲತೆಯ ಆಯುಸ್ಸು ಕೆಲವೇ ವರ್ಷಗಳು. ಗಿಡ ಸತ್ತಿತೆಂದು ಮನೆಯವರು ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ. ಕಸಿಯ ಬುಡಕ್ಕೆ ಸಾಮಾನ್ಯವಾಗಿ ಬಳಸುವ ಹಸುರು ಕಳ್ಳಿಯು, ಈಗ ಕರ್ನಾಟಕದ ಒಣಭೂಮಿಯಲ್ಲಿ ಹಣ್ಣಿಗಾಗಿ ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಕುಲದ್ದು.

ಕುಂಡದ ಗಿಡಗಳ ಸಂದುಗಳಲ್ಲಿ ಒಮ್ಮೊಮ್ಮೆ ಬಿಳಿಯ ಹಿಟ್ಟಿನಂಥ ಹುಳು ಕಾಣಿಸಿಕೊಳ್ಳುತ್ತದೆ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿದರೆ ಹೋಗುವ ಈ ಹುಳು ಕಿರಮಂಜಿಹುಳುವಿನ ದೂರದ ಬಂಧು. ಪಾಪಾಸುಕಳ್ಳಿಯ ಮೇಲಿನ ಬಿಳುಪನ್ನು ಹೊಸಕಿದಾಗ ಬೆರಳು ಕೆಂಪಾದರೆ, ಅದು ಬಂಧುವಲ್ಲ, ಕಿರಮಂಜಿಯೇ. ನೀಲ್ಸನ್ ಕಪ್ತಾನನ ಹಡಗಿನಿಂದ ತೊಡಗಿದ ಕಥೆಯ ಒಂದು ಹನಿ ಬೆರಳತುದಿಯಲ್ಲಿ ನಿಂತಿದೆಯೆಂದು ತಿಳಿಯಬಹುದು.

೬

ಇನ್ನು ಉಳಿದದ್ದು ಒಂದು ಹೊಣೆ. ಬೇಡವಾದ ಪಾಪಾಸುಕಳ್ಳಿಯ ತುಂಡನ್ನೋ, ಎಲೆಯಂಚಿನಲ್ಲಿ ಮರಿಹಾಕುವ ಕಾಡುಬಸಳೆಯ ಬಂಧುಗಳನ್ನೋ ಕಸದ ಜೊತೆ ಕೆರೆಯ ದಂಡೆಗೆ, ಖಾಲಿ ನಿವೇಶನಕ್ಕೆ, ಕಾಲುವೆಯ ಬದಿಗೆ ಎಸೆಯುವುದು ಸುಲಭ. ಆ ಗಿಡಕ್ಕೆ ಇಲ್ಲಿ ಶತ್ರುವಿಲ್ಲದಿದ್ದರೆ ಏನಾಗುವುದೆಂಬುದನ್ನು ಈ ನಾಡು ಒಂದು ಶತಮಾನ ಅನುಭವಿಸಿದೆ. ಬೇಡವಾದುದನ್ನು ಪೂರ್ತಿ ಒಣಗಿಸಿ ಸುಡುವುದೋ, ಬೇಕಾದವರಿಗೆ ಕುಂಡಸಹಿತ ಕೊಡುವುದೋ ಮೇಲು. ಅಂತೆಯೇ ಬಂಡೆಗುಡ್ಡಗಳ ಕರಲ್ಲುಮ ಮೊದಲಾದ ನಾಡಗಿಡಗಳನ್ನು ಚೆಲುವೆಂದು ಕಿತ್ತುತರುವುದೂ ತಪ್ಪೇ; ಅವು ಒಂದೊಂದು ಗುಡ್ಡದ ಸಂದಿನಲ್ಲಿ ಒಂದೊಂದು ಹಿಡಿಯಷ್ಟೇ ಇರತಕ್ಕವು.

ಪರದೇಶದ ಚೆಲುವನ್ನು ಸಾಕುವುದು ದೋಷವಲ್ಲ, ಗಿಡಕ್ಕೆ ಗಡಿಯೆಂಬುದಿಲ್ಲ. ಲೋಳೆಸರವೂ ಒಮ್ಮೆ ಅರಬರ ನಾಡಿನಿಂದ ಬಂದದ್ದೇ. ಇಂದು ಅದಿಲ್ಲದ ಹಿತ್ತಲು ಹಿತ್ತಲೆನಿಸದು. ಅರಿತು ತಂದದ್ದು ಮನೆಯದಾಗುತ್ತದೆ, ಅರಿಯದೆ ತಂದದ್ದು ಹಗೆಯಾಗುತ್ತದೆ ಎಂಬುದಷ್ಟೇ ಈ ಎರಡು ಶತಮಾನಗಳ ಸಾರ. ಅರಿಯುವ ದಾರಿಯೂ ಕಠಿನವಾದುದಲ್ಲ. ಮುಂಜಾನೆ ಹಿತ್ತಲಿಗೆ ಹೋಗಿ ಕಾಡುಬಸಳೆಯ ಬುಡದಲ್ಲಿ ಒಂದು ಗಳಿಗೆ ನಿಂತು, ಹೈನನು ನೋಡಿದಂತೆ ಗಿಡವನ್ನು ಹೊತ್ತುಹೊತ್ತಿಗೆ ನೋಡುವ ತಾಳ್ಮೆಯುಳ್ಳವರ ಮನೆಯಲ್ಲಿ ಕಳ್ಳಿಯೂ ಬಾಳುತ್ತದೆ, ಕಳ್ಳಿಯಿಂದ ನಾಡಿಗೂ ಕೇಡಾಗುವುದಿಲ್ಲ.